ಅಪರೂಪಕ್ಕೆ ಟ್ರೇಲರ್ ಎಳೆಯುವ ಪಿಕಪ್ ಟ್ರಕ್ಕಿಗೆ ಟಾರ್ಕ್ ಕನ್ವರ್ಟರ್ ಆರಿಸುವ ಬಗೆ

ವಾರವಿಡೀ ಕಚೇರಿಗೆ ಓಡಾಡಿ, ಬೇಸಿಗೆಯಲ್ಲಿ ನಾಲ್ಕಾರು ಬಾರಿ ದೋಣಿಯನ್ನೋ ಕ್ಯಾಂಪರನ್ನೋ (ಒಳಗೆ ತಂಗಬಹುದಾದ ಟ್ರೇಲರ್) ಎಳೆದೊಯ್ಯುವ ಪಿಕಪ್ ಟ್ರಕ್ ಅಮೆರಿಕದ ರಸ್ತೆಗಳಲ್ಲಿ ತೀರ ಸಾಮಾನ್ಯ. ಅಲ್ಲಿ ನೆಲೆಸಿರುವ ನಮ್ಮವರಲ್ಲೂ ಹಳೆಯ ಸಿಲ್ವರಾಡೊ ಅಥವಾ ಎಫ್-150 ಕೊಂಡು ಅದನ್ನು ಸ್ವಲ್ಪ ಚುರುಕುಗೊಳಿಸಲು ಬಯಸುವವರಿದ್ದಾರೆ. ಅಂಥವರಿಗೆ ಬೇಗ ಸಿಗುವ ಸಲಹೆಯೆಂದರೆ, ಕಾರ್ಖಾನೆಯಿಂದ ಬಂದ ಟಾರ್ಕ್ ಕನ್ವರ್ಟರನ್ನು (ಆಟೊಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ತೆಗೆಸಿ, ಹೊರಡುವಾಗ ಎಂಜಿನ್ನನ್ನು ಹೆಚ್ಚು ಸುತ್ತಗೊಡುವ, ಎಂದರೆ ಹೆಚ್ಚು ಸ್ಟಾಲ್ ವೇಗದ, ಪರ್ಫಾರ್ಮೆನ್ಸ್ ಕನ್ವರ್ಟರ್ ಹಾಕಿಸುವುದು. ಸಲಹೆ ಸುಳ್ಳಲ್ಲ. ಸಿಗ್ನಲ್‌ನಿಂದ ಹೊರಡುವಾಗ ಗಾಡಿ ಹಗುರವಾದಂತೆ ಮುನ್ನುಗ್ಗುವ ಅನುಭವವನ್ನು ಇಷ್ಟು ಖರ್ಚಿನಲ್ಲಿ ಕೊಡುವ ಬದಲಾವಣೆಗಳು ಹೆಚ್ಚಿಲ್ಲ. ಆದರೆ ಟ್ರೇಲರ್ ಕಟ್ಟುವ ಗಾಡಿಯ ಮಟ್ಟಿಗೆ ಅದು ಅರ್ಧ ಸಲಹೆ ಮಾತ್ರ.

ವರ್ಷದ ಬಹುಪಾಲು ದಿನ ಟ್ರಕ್ ಖಾಲಿ ಓಡಿದರೂ, ಕನ್ವರ್ಟರನ್ನು ಆರಿಸಬೇಕಾದದ್ದು ಟ್ರೇಲರ್ ಕಟ್ಟಿಕೊಂಡು ಬಿಸಿಲಲ್ಲಿ ಘಾಟಿ ಏರುವ ಆ ಒಂದು ಗಂಟೆಗಾಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ನೋಡಿದಾಗ ಆಯ್ಕೆಯಲ್ಲಿ ಮಹತ್ವದ ಕ್ರಮವೇ ಬದಲಾಗುತ್ತದೆ. ಮೊದಲು ಕನ್ವರ್ಟರಿನ ಜಾರಿಕೆಯನ್ನು ನಿಲ್ಲಿಸುವ ಲಾಕ್-ಅಪ್ ಕ್ಲಚ್, ಅನಂತರ ಎಣ್ಣೆಯ ಉಷ್ಣತೆ, ಅದಾದ ಮೇಲಷ್ಟೇ ಸ್ಟಾಲ್ ವೇಗದ ಸಂಖ್ಯೆ ಬರುತ್ತದೆ. ಅನೇಕರು ಸಂಖ್ಯೆಯಿಂದ ಆರಂಭಿಸುತ್ತಾರೆ, ಉಳಿದೆರಡನ್ನು ಗೇರ್‌ಬಾಕ್ಸ್ ಕೆಟ್ಟ ಮೇಲೆ ಕಲಿಯುತ್ತಾರೆ.

ಕನ್ವರ್ಟರ್ ಒಳಗೆ ನಡೆಯುವುದೇನು

ಎಂಜಿನ್ನಿನೊಂದಿಗೆ ತಿರುಗುವ ಇಂಪೆಲರ್, ಟ್ರಾನ್ಸ್‌ಮಿಶನ್ ಎಣ್ಣೆಯನ್ನು ಟರ್ಬೈನಿನ ಅಲಗುಗಳ ಮೇಲೆ ಚಿಮ್ಮಿಸುತ್ತದೆ, ಟರ್ಬೈನ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ತಿರುಗಿಸುತ್ತದೆ. ಇವೆರಡರ ನಡುವಿನ ಸ್ಟೇಟರ್, ಮರಳಿ ಬರುವ ಎಣ್ಣೆಯ ದಿಕ್ಕನ್ನು ತಿದ್ದಿ ಇಂಪೆಲರಿನ ತಿರುಗುವಿಕೆಗೆ ನೆರವಾಗುವಂತೆ ಕಳುಹಿಸುತ್ತದೆ. ಗಾಡಿ ನಿಂತಿದ್ದು ಎಂಜಿನ್ ಒತ್ತುತ್ತಿರುವಾಗ ಟಾರ್ಕ್, ಎಂದರೆ ತಿರುಗಿಸುವ ಬಲ, ಸರಿಸುಮಾರು ಎರಡು ಪಟ್ಟಾಗುವುದು ಈ ಸ್ಟೇಟರಿನಿಂದ. ಟರ್ಬೈನಿನ ವೇಗ ಇಂಪೆಲರಿನ ವೇಗದ ಶೇ. 90ರ ಹತ್ತಿರ ಬಂದಾಗ ಈ ವೃದ್ಧಿ ಮುಗಿಯುತ್ತದೆ. ಆ ಬಳಿಕವೂ ಉಳಿಯುವ ಜಾರಿಕೆಯಿಂದ ಗಾಡಿಗೆ ಯಾವ ಲಾಭವೂ ಇಲ್ಲ, ಅದೆಲ್ಲವೂ ಎಣ್ಣೆಯಲ್ಲಿ ಶಾಖವಾಗಿ ಸೇರುತ್ತದೆ. ಈ ಜಾರಿಕೆಯನ್ನು ನಿಲ್ಲಿಸಲೆಂದೇ ಕನ್ವರ್ಟರ್ ಒಳಗೆ ಲಾಕ್-ಅಪ್ ಎಂಬ ಒಂದು ಕ್ಲಚ್ ಇದೆ. ಅದು ಹಿಡಿದಾಗ ಟರ್ಬೈನ್ ಮತ್ತು ಹೊರಕವಚ ಒಂದೇ ತುಂಡಿನಂತೆ ತಿರುಗುತ್ತವೆ. ಪ್ಯಾಕರ್ಡ್ ಕಂಪನಿ 1949ರಲ್ಲಿ ತಂದ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲೇ ಇಂಥ ಕ್ಲಚ್ ಇತ್ತು.

ಸ್ಟಾಲ್ ವೇಗವೆಂದರೆ, ಟರ್ಬೈನನ್ನು ಅಲುಗಾಡದಂತೆ ಹಿಡಿದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ ಏರಬಲ್ಲ ಗರಿಷ್ಠ ಆರ್‌ಪಿಎಂ. ಈ ಸಂಖ್ಯೆ ಹೆಚ್ಚಿರುವ ಕನ್ವರ್ಟರನ್ನು ವರ್ಕ್‌ಶಾಪುಗಳಲ್ಲಿ ‘ಸಡಿಲ’ ಎಂದೂ ಕಡಿಮೆಯಿರುವುದನ್ನು ‘ಬಿಗಿ’ ಎಂದೂ ಕರೆಯುತ್ತಾರೆ. ಸಡಿಲವಾದದ್ದು ಎಂಜಿನ್ನನ್ನು ಬೇಗನೆ ಅದರ ಬಲದ ವ್ಯಾಪ್ತಿಗೆ ಏರಗೊಡುತ್ತದೆ. ಲಾಕ್ ಆಗದಿರುವಷ್ಟು ಹೊತ್ತೂ ಹೆಚ್ಚು ಜಾರುತ್ತದೆ, ಹೆಚ್ಚು ಬಿಸಿಯಾಗುತ್ತದೆ.

ಹೆಜ್ಜೆ 1: ಗಾಡಿಯ ಲೆಕ್ಕವನ್ನು ಕಾಗದದ ಮೇಲಿಡಿ

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಗಾಡಿಯನ್ನು ಉದಾಹರಣೆಯಾಗಿ ಹಿಡಿಯುತ್ತೇನೆ: 2004ರ ಶೆವ್ರೊಲೆ ಸಿಲ್ವರಾಡೊ 1500, 5.3 ಲೀಟರ್ ವಿ8 ಎಂಜಿನ್, ನಾಲ್ಕು ಗೇರಿನ 4ಎಲ್60-ಇ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನಲ್ಲಿ 3.73 ಅನುಪಾತ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 3.73 ಸುತ್ತು ತಿರುಗುತ್ತದೆ), 265/70ಆರ್16 ಟೈರುಗಳು. ಅದು ಎಳೆಯುವುದು ಸುಮಾರು 5000 ಪೌಂಡ್ ತೂಕದ ಕ್ಯಾಂಪರ್. ನಿಮ್ಮ ಗಾಡಿಯ ಬಗ್ಗೆಯೂ ಇಷ್ಟೇ ಸ್ಪಷ್ಟವಾದ ಒಂದು ಸಾಲು ನಿಮ್ಮ ಬಳಿ ಇರಬೇಕು. ಆ ಕಾಲದ ಜನರಲ್ ಮೋಟರ್ಸ್ ಟ್ರಕ್ಕುಗಳಲ್ಲಿ ಗ್ಲೋವ್‌ಬಾಕ್ಸ್ ಒಳಗಿನ ಸ್ಟಿಕ್ಕರ್ ಈ ವಿವರಗಳನ್ನು ಸಂಕೇತಗಳಲ್ಲಿ ಹೇಳುತ್ತದೆ. ಎಂ30 ಎಂದಿದ್ದರೆ 4ಎಲ್60-ಇ, ಎಂಟಿ1 ಎಂದಿದ್ದರೆ 4ಎಲ್80-ಇ. ಜಿಯು6 ಎಂದರೆ 3.42, ಜಿಟಿ4 ಎಂದರೆ 3.73, ಜಿಟಿ5 ಎಂದರೆ 4.10 ಅನುಪಾತದ ಆಕ್ಸಲ್. ಹಳೆಯ ಮಾಲೀಕರು ಆಕ್ಸಲ್ ಅಥವಾ ಟೈರುಗಳನ್ನು ಬದಲಿಸಿರಬಹುದಾದ್ದರಿಂದ ಸ್ಟಿಕ್ಕರನ್ನು ನಂಬಿದ ಮೇಲೂ ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು.

ಟ್ರೇಲರಿನ ತೂಕವನ್ನು ಕಂಪನಿಯ ಕರಪತ್ರದಿಂದ ತೆಗೆದುಕೊಳ್ಳಬೇಡಿ. ಅಲ್ಲಿರುವುದು ಖಾಲಿ ತೂಕ. ನೀರು, ಅಡುಗೆ ಅನಿಲ, ಹಾಸಿಗೆ, ಪಾತ್ರೆಗಳನ್ನು ತುಂಬಿ ಹೆದ್ದಾರಿ ಬದಿಯ ಲಾರಿ ತೂಕಸೇತುವೆಯಲ್ಲಿ ಒಮ್ಮೆ ತೂಗಿಸಿ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಕೂರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ತೂಕದಷ್ಟೇ ಮುಖ್ಯವಾದದ್ದು ಟ್ರೇಲರಿನ ಎತ್ತರ. ಒಂದೇ ತೂಕದ ದೋಣಿ ಮತ್ತು ಕ್ಯಾಂಪರ್ ಹೆದ್ದಾರಿಯಲ್ಲಿ ಒಂದೇ ಹೊರೆಯಲ್ಲ. ಗೋಡೆಯಂತೆ ಎದ್ದುನಿಂತ ಕ್ಯಾಂಪರ್ ಗಾಳಿಯನ್ನು ತಳ್ಳುತ್ತಲೇ ಇರಬೇಕಾದ್ದರಿಂದ ಸಮತಟ್ಟಾದ ರಸ್ತೆಯಲ್ಲೂ ಎಂಜಿನ್ನಿಗೆ ಬಿಡುವು ಸಿಗುವುದಿಲ್ಲ.

ಕೊನೆಯದಾಗಿ ನಿಮ್ಮ ದಾರಿಯ ಅತಿ ಕಡಿದಾದ ಏರು ಯಾವುದೆಂದು ಬರೆಯಿರಿ. ಬೇ ಏರಿಯಾದಿಂದ ತಾಹೋ ಕಡೆಗೆ ಹೋಗುವವರಿಗೆ ಅದು 7239 ಅಡಿ ಎತ್ತರದ ಡಾನರ್ ಕಣಿವೆಮಾರ್ಗ, ಲಾಸ್ ಏಂಜಲೀಸ್ ಕಡೆಯವರಿಗೆ ಗ್ರೇಪ್‌ವೈನ್, ಡೆನ್ವರಿನವರಿಗೆ 11,158 ಅಡಿಯ ಐಸೆನ್‌ಹೋವರ್ ಸುರಂಗ. ಹ್ಯೂಸ್ಟನ್ನಿನಲ್ಲಿದ್ದು ಹತ್ತಿರದ ಸರೋವರಕ್ಕೆ ದೋಣಿ ಒಯ್ಯುವವರಿಗೆ ಬಹುಶಃ ಏರೇ ಇಲ್ಲ, ಅವರ ಕಷ್ಟವೆಲ್ಲ ದೋಣಿಯನ್ನು ನೀರಿನಿಂದ ಮೇಲೆಳೆಯುವ ಇಳಿಜಾರಿನಲ್ಲಿದೆ. ಇಬ್ಬರಿಗೂ ಒಂದೇ ಕನ್ವರ್ಟರ್ ಸರಿಹೊಂದಬೇಕೆಂದಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದುವರಿಯಬೇಕು. ನಿಮ್ಮ ಗಾಡಿಯಲ್ಲಿ 3.42 ಆಕ್ಸಲ್ ಇದ್ದು, ನಿಮ್ಮ ದೂರು ‘ಟ್ರೇಲರ್ ಕಟ್ಟಿದರೆ ಗಾಡಿ ಏಳುವುದೇ ಇಲ್ಲ’ ಎಂಬುದಾದರೆ, ಮೊದಲು ಬದಲಿಸಬೇಕಾದದ್ದು ಕನ್ವರ್ಟರ್ ಅಲ್ಲ, ಆಕ್ಸಲ್ ಗೇರುಗಳು. 3.42ರಿಂದ 4.10ಕ್ಕೆ ಹೋದರೆ ಪ್ರತಿ ಗೇರಿನಲ್ಲೂ, ಪ್ರತಿ ವೇಗದಲ್ಲೂ ಚಕ್ರಕ್ಕೆ ಶೇ. 20ರಷ್ಟು ಹೆಚ್ಚು ಟಾರ್ಕ್ ಸಿಗುತ್ತದೆ, ಎಣ್ಣೆ ಅದಕ್ಕಾಗಿ ಬಿಸಿಯಾಗಬೇಕಾಗಿಲ್ಲ. ಕನ್ವರ್ಟರ್ ಕೊಡುವ ವೃದ್ಧಿ ಗಾಡಿ ಹೊರಡುವ ಕೆಲವು ಕ್ಷಣಗಳದ್ದು. ಹಾಗೆಯೇ ಹೊಸ ಹತ್ತು ಗೇರಿನ ಟ್ರಕ್ ಉಳ್ಳವರು ಕನ್ವರ್ಟರ್ ಗೋಜಿಗೆ ಹೋಗದಿರುವುದೇ ಲೇಸು. ಅವುಗಳ ಮೊದಲ ಗೇರಿನ ಅನುಪಾತ 4.70ರ ಹತ್ತಿರವಿದ್ದರೆ 4ಎಲ್60-ಇ ಗೇರ್‌ಬಾಕ್ಸಿನದು 3.06. ಸಡಿಲ ಕನ್ವರ್ಟರ್ ತುಂಬಿಕೊಡುತ್ತಿದ್ದ ಕೊರತೆ ಹೊಸ ಗಾಡಿಗಳಲ್ಲಿ ಇಲ್ಲವೇ ಇಲ್ಲ.

ಹೆಜ್ಜೆ 2: ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಿಮ್ಮ ಎಂಜಿನ್ನಿಗೆ ಇಳಿಸಿ ನೋಡಿ

‘2400 ಸ್ಟಾಲ್’ ಎಂದು ಬರೆದಿರುವ ಕನ್ವರ್ಟರ್ ಎಲ್ಲ ಗಾಡಿಗಳಲ್ಲೂ 2400ಕ್ಕೇ ಸ್ಟಾಲ್ ಆಗುವುದಿಲ್ಲ. ಸ್ಟಾಲ್ ವೇಗ ಕನ್ವರ್ಟರಿನ ಗುಣವೂ ಹೌದು, ಅದರ ಹಿಂದೆ ನಿಂತ ಎಂಜಿನ್ನಿನ ಗುಣವೂ ಹೌದು. ತಯಾರಕರು ಇದನ್ನು ಕೆ-ಫ್ಯಾಕ್ಟರ್ ಎಂಬ ಸಂಖ್ಯೆಯಲ್ಲಿ ಹಿಡಿದಿಡುತ್ತಾರೆ. ಸ್ಟಾಲ್ ಆರ್‌ಪಿಎಂ ಅನ್ನು ಆ ವೇಗದಲ್ಲಿ ಎಂಜಿನ್ ಕೊಡುವ ಟಾರ್ಕಿನ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. 400 ಪೌಂಡ್-ಅಡಿ ಟಾರ್ಕಿನ ಎಂಜಿನ್ ಹಿಂದೆ 2400ಕ್ಕೆ ಸ್ಟಾಲ್ ಆಗುವ ಕನ್ವರ್ಟರಿನ ಕೆ-ಫ್ಯಾಕ್ಟರ್ 120. ನಮ್ಮ ಸಿಲ್ವರಾಡೊದ 5.3 ಎಂಜಿನ್ 2000 ಆರ್‌ಪಿಎಂ ಆಸುಪಾಸಿನಲ್ಲಿ 290 ಪೌಂಡ್-ಅಡಿ ಕೊಡುತ್ತದೆ ಎಂದಿಟ್ಟುಕೊಂಡರೆ, ಅದರ ವರ್ಗಮೂಲ 17, ಗುಣಿಸಿದರೆ 2040. ಅಂದರೆ ಅದೇ ಕನ್ವರ್ಟರ್ ಇಲ್ಲಿ 2040ರ ಹತ್ತಿರವೇ ನಿಲ್ಲುತ್ತದೆ. ಇದು ತಿಳಿಯದೆ ‘2400 ಸಾಲದು, 3000 ಕೊಡಿ’ ಎನ್ನುವವರೂ, ಬಲಶಾಲಿ ಎಂಜಿನ್ನಿಗೆ 2400 ಕೊಂಡು ಅದು 2700ಕ್ಕೆ ಏರಿದ್ದನ್ನು ಕಂಡು ಕಂಗಾಲಾಗುವವರೂ ಇದ್ದಾರೆ. ಆದ್ದರಿಂದ ತಯಾರಕರನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ನನ್ನ ಎಂಜಿನ್ ಹಿಂದೆ ಇದು ಎಷ್ಟಕ್ಕೆ ಸ್ಟಾಲ್ ಆಗುತ್ತದೆ’ ಎಂಬುದು.

ಎತ್ತರದ ಪ್ರದೇಶಗಳಲ್ಲಿ ಇದೇ ಲೆಕ್ಕ ಇನ್ನೊಂದು ಪಾಠ ಕಲಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಐಸೆನ್‌ಹೋವರ್ ಸುರಂಗದ ಎತ್ತರದಲ್ಲಿ ಮೂರನೆಯ ಒಂದು ಭಾಗದಷ್ಟು ಟಾರ್ಕ್ ಇಲ್ಲವಾದಾಗ, ಸಮುದ್ರಮಟ್ಟದಲ್ಲಿ 2040ಕ್ಕೆ ಸ್ಟಾಲ್ ಆಗುತ್ತಿದ್ದ ಕನ್ವರ್ಟರ್ 1700ರ ಹತ್ತಿರ ಇಳಿಯುತ್ತದೆ. ಕೊಲೊರಾಡೊದಲ್ಲಿ ವಾಸಿಸುವವರು ಕರಾವಳಿಯವರಿಗಿಂತ ಇನ್ನೂರು ಆರ್‌ಪಿಎಂ ಹೆಚ್ಚಿನದನ್ನು ಆರಿಸಿದರೆ ನಾನು ತಪ್ಪೆನ್ನುವುದಿಲ್ಲ. ಆದರೆ ತೆಳುವಾದ ಗಾಳಿ, ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸುವ ಕೂಲರಿನಿಂದ ಶಾಖವನ್ನು ಒಯ್ಯುವುದೂ ಕಡಿಮೆ ಎಂಬುದನ್ನು ಅವರು ನೆನಪಿಡಬೇಕು.

ಹೆಜ್ಜೆ 3: ಹೆದ್ದಾರಿಯಲ್ಲಿ ಎಂಜಿನ್ ಎಷ್ಟು ಸುತ್ತುತ್ತದೆ ಎಂದು ಕಂಡುಕೊಳ್ಳಿ

ಲೆಕ್ಕ ಸುಲಭ. ಗಂಟೆಗೆ ಮೈಲಿಗಳಲ್ಲಿ ವೇಗ, ಗೇರ್ ಅನುಪಾತ, ಆಕ್ಸಲ್ ಅನುಪಾತ ಮತ್ತು 336 ಎಂಬ ಸ್ಥಿರಸಂಖ್ಯೆಯನ್ನು ಗುಣಿಸಿ, ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿ. ನಮ್ಮ ಉದಾಹರಣೆಯ ಟೈರಿನ ವ್ಯಾಸ 30.6 ಇಂಚು. ಗಂಟೆಗೆ 60 ಮೈಲಿಯಲ್ಲಿ 0.70 ಅನುಪಾತದ ಓವರ್‌ಡ್ರೈವ್ (ನಾಲ್ಕನೆಯ) ಗೇರಿನಲ್ಲಿ 1720 ಆರ್‌ಪಿಎಂ, ನೇರ ಅನುಪಾತದ ಮೂರನೆಯ ಗೇರಿನಲ್ಲಿ 2460. ಏರಿನಲ್ಲಿ ವೇಗ 45ಕ್ಕೆ ಕುಸಿದರೆ ಮೂರನೆಯ ಗೇರಿನಲ್ಲಿ 1840. ಇವೆಲ್ಲ ಕನ್ವರ್ಟರ್ ಲಾಕ್ ಆಗಿರುವಾಗಿನ ಸಂಖ್ಯೆಗಳು.

ಈಗ ಇವುಗಳ ಪಕ್ಕದಲ್ಲಿ ಸ್ಟಾಲ್ ವೇಗವನ್ನಿಟ್ಟು ನೋಡಿ. ನಿಜವಾಗಿಯೂ 2800ಕ್ಕೆ ಸ್ಟಾಲ್ ಆಗುವ ಕನ್ವರ್ಟರ್ ಹಾಕಿದರೆ, ಟ್ರೇಲರ್ ಎಳೆಯುವ ಈ ಮೂರೂ ಸ್ಥಿತಿಗಳು ಅದರ ಸ್ಟಾಲ್ ವೇಗದ ಕೆಳಗೇ ಬರುತ್ತವೆ. ಲಾಕ್ ಬಿಟ್ಟ ಕ್ಷಣದಿಂದ ಅದು ಹೊರೆಯಡಿ ಜಾರುತ್ತಲೇ ಇರುತ್ತದೆ. 2100ರದ್ದಾದರೆ ಮೂರನೆಯ ಗೇರಿನಲ್ಲಿ 60ರ ವೇಗದಲ್ಲಿ ಲಾಕ್ ಇಲ್ಲದೆಯೂ ಬಹುಮಟ್ಟಿಗೆ ಹಿಡಿತ ಸಿಗುತ್ತದೆ. ಈ ಹೋಲಿಕೆಯ ಆಧಾರದ ಮೇಲೆ ನನ್ನ ನಿಲುವು ಹೀಗಿದೆ: ಎಂಜಿನ್ನಿಗೆ ಏನೂ ಮಾಡಿಸದ, ಅಪರೂಪಕ್ಕೆ ಎಳೆಯುವ ಇಂಥ ಟ್ರಕ್ಕಿಗೆ ಗಾಡಿಯಲ್ಲಿ ಅಳೆದ ಸ್ಟಾಲ್ ವೇಗ 2000ದಿಂದ 2400ರ ಒಳಗಿರಲಿ. ಸೌಮ್ಯವಾದ ಕ್ಯಾಮ್‌ಶಾಫ್ಟ್ ಬದಲಾಯಿಸಿ, 4.10 ಆಕ್ಸಲ್ ಹಾಕಿಸಿ, ಒಳ್ಳೆಯ ಕೂಲರ್ ಇಟ್ಟುಕೊಂಡವರು 2600ರಿಂದ 2800ರವರೆಗೆ ಹೋಗಬಹುದು. 3000ದ ಮೇಲಿನದು ಟ್ರೇಲರ್ ಎಳೆಯುವ ಗಾಡಿಗೆ ಅಲ್ಲ. ಎರಡು ಸಂಖ್ಯೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಕಡಿಮೆಯದನ್ನೇ ಆರಿಸಿ. ಖಾಲಿ ಗಾಡಿಯಲ್ಲಿ ಕಳೆದುಕೊಳ್ಳುವುದು ಸ್ವಲ್ಪ, ಹೊರೆ ಕಟ್ಟಿದಾಗ ಉಳಿಯುವುದು ಬಹಳ.

ಸ್ಟಾಲ್ ವೇಗದೊಂದಿಗೆ ಟಾರ್ಕ್ ವೃದ್ಧಿಯ ಅನುಪಾತವನ್ನೂ ಕೇಳಿ ತಿಳಿಯಿರಿ. ಒಂದೇ ಸ್ಟಾಲ್ ವೇಗದಲ್ಲಿ 1.8 ಅನುಪಾತದ್ದೂ 2.2 ಅನುಪಾತದ್ದೂ ದೊರೆಯುತ್ತವೆ. ಹೆಚ್ಚಿನ ಅನುಪಾತ ನಿಂತಲ್ಲಿಂದ ಹೊರಡಲು ಬಲ ಕೊಡುತ್ತದೆ, ಆದರೆ ವೇಗ ಹೆಚ್ಚಿದಂತೆ ಹಿಡಿತದ ದಕ್ಷತೆಯನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ದೋಣಿ ಎಳೆಯುವವರಿಗೆ ಕಡಿಮೆ ಸ್ಟಾಲ್ ಮತ್ತು ಹೆಚ್ಚಿನ ಅನುಪಾತದ ಜೋಡಿ ಬಹಳ ಒಪ್ಪುತ್ತದೆ. ಒದ್ದೆಯಾದ ಇಳಿಜಾರಿನಲ್ಲಿ ದೋಣಿಯನ್ನು ಅಂಗುಲ ಅಂಗುಲವಾಗಿ ಮೇಲೆಳೆಯುವಾಗ, ಅಥವಾ ಕ್ಯಾಂಪರನ್ನು ಏರಿನಲ್ಲಿ ಹಿಂದಕ್ಕೆ ತಳ್ಳುತ್ತ ಜಾಗಕ್ಕೆ ಸೇರಿಸುವಾಗ, ಆಕ್ಸಿಲರೇಟರಿನ ಸಣ್ಣ ಒತ್ತಡಕ್ಕೆ ಗಾಡಿ ಸಣ್ಣದಾಗಿ ಕದಲಬೇಕು. ತೀರ ಸಡಿಲವಾದ ಕನ್ವರ್ಟರ್ ಮೊದಲು ಏನೂ ಮಾಡದೆ, ಆರ್‌ಪಿಎಂ ಏರಿದ ಮೇಲೆ ಗಾಡಿಯನ್ನು ಒಮ್ಮೆಲೇ ನೂಕುತ್ತದೆ. ರಿವರ್ಸ್ ಗೇರಿನಲ್ಲಿ ಲಾಕ್-ಅಪ್ ಇಲ್ಲದ್ದರಿಂದ ಅಂಥ ಹತ್ತು ನಿಮಿಷದ ಕಸರತ್ತು, ಗಾಡಿ ಹೆಚ್ಚು ಚಲಿಸದೆಯೂ, ಎಣ್ಣೆಯನ್ನು ಹೆದ್ದಾರಿಯ ಏರಿನಷ್ಟೇ ಕಾಯಿಸಬಲ್ಲದು.

ಈ ಎರಡು ಬಗೆಯ ಕಷ್ಟಗಳನ್ನೂ ಅಮೆರಿಕದ ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆಯ ಜೆ2807 ಮಾನದಂಡ ಪರೀಕ್ಷೆಯಾಗಿ ಇಟ್ಟಿದೆ. ಶೇ. 12ರ ಇಳಿಜಾರಿನಲ್ಲಿ ಹೊರೆ ಕಟ್ಟಿದ ಗಾಡಿ ನಿಂತಲ್ಲಿಂದ ಐದು ನಿಮಿಷದಲ್ಲಿ ಐದು ಬಾರಿ ಮುಂದಕ್ಕೆ ಹೊರಡಬೇಕು, ಹಾಗೆಯೇ ಹಿಂದಕ್ಕೂ ಹೊರಡಬೇಕು. ಅರಿಜೋನದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿಯ ಏರನ್ನು, ಹವಾನಿಯಂತ್ರಣ ಪೂರ್ತಿ ಹಾಕಿಕೊಂಡು, ಸಾಮಾನ್ಯ ಪಿಕಪ್ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಕಾರ್ಖಾನೆಯ ಕನ್ವರ್ಟರುಗಳು ಯಾಕೆ ಅಷ್ಟು ಬಿಗಿಯಾಗಿರುತ್ತವೆ ಎಂಬುದಕ್ಕೆ ಈ ಪರೀಕ್ಷೆಗಳೇ ಒಂದು ಉತ್ತರ. ನೀವು ಕನ್ವರ್ಟರ್ ಬದಲಿಸಿದ ಮೇಲೆ, ಗಾಡಿಯ ಪುಸ್ತಕದಲ್ಲಿ ಮುದ್ರಿತವಾದ ಎಳೆಯುವ ಸಾಮರ್ಥ್ಯ ಹಾಗೆಯೇ ಉಳಿದಿದೆ ಎಂದು ಭಾವಿಸಬಾರದು.

ಹೆಜ್ಜೆ 4: ಲಾಕ್-ಅಪ್ ಕ್ಲಚ್ಚಿನ ಮೇಲೆ ಹಣ ಹಾಕಿ

ನನ್ನನ್ನು ಕೇಳಿದರೆ ಇಡೀ ಆಯ್ಕೆಯಲ್ಲಿ ಹೆಚ್ಚು ಹೊತ್ತು ಯೋಚಿಸಬೇಕಾದ ಭಾಗ ಇದು. ಒಂದು ಲೆಕ್ಕ ನೋಡೋಣ. ಏರಿನಲ್ಲಿ ಎಂಜಿನ್ 2400 ಆರ್‌ಪಿಎಂನಲ್ಲಿ 250 ಪೌಂಡ್-ಅಡಿ ಟಾರ್ಕ್ ಕೊಡುತ್ತಿದ್ದರೆ ಅದು 114 ಅಶ್ವಶಕ್ತಿ. ಕನ್ವರ್ಟರ್ ಲಾಕ್ ಆಗದೆ ಶೇ. 85ರ ದಕ್ಷತೆಯಲ್ಲಿ ಕೆಲಸ ಮಾಡುತ್ತಿದ್ದರೆ 17 ಅಶ್ವಶಕ್ತಿ, ಎಂದರೆ ಸುಮಾರು 13 ಕಿಲೋವ್ಯಾಟ್, ಶಾಖವಾಗಿ ಎಣ್ಣೆಗೆ ಸೇರುತ್ತದೆ. ನಮ್ಮ ಊರಿನ ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರುಗಳು ಆರನ್ನು ಒಟ್ಟಿಗೆ ಹಾಕಿ ಹತ್ತು-ಹನ್ನೊಂದು ಲೀಟರ್ ಎಣ್ಣೆಯಲ್ಲಿ ಮುಳುಗಿಸಿಟ್ಟಂತೆ. ಕ್ಲಚ್ ಹಿಡಿದ ಕ್ಷಣ ಈ ಜಾರಿಕೆಯ ಶಾಖ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಯಾವ ಕೂಲರೂ ಮಾಡಲಾರದ ಕೆಲಸ ಅದು.

ಹಾಗಾದರೆ ಲಾಕ್ ಮಾಡಿಕೊಂಡೇ ಏರಬಹುದಲ್ಲ ಎಂದರೆ, ಅಲ್ಲಿಯೇ ತೊಡಕಿದೆ. ಕಾರ್ಖಾನೆಯ ಕಂಪ್ಯೂಟರ್, ಆಕ್ಸಿಲರೇಟರನ್ನು ಹೆಚ್ಚು ಒತ್ತಿದಾಗ ಕ್ಲಚ್ಚನ್ನು ಬಿಡಿಸುತ್ತದೆ. ಏರು ಕಡಿದಾಗಿ, ಎಣ್ಣೆ ಕಾಯುತ್ತಿದ್ದು, ಲಾಕ್ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಇಲ್ಲವಾಗುತ್ತದೆ. ಇನ್ನೊಂದು ತೊಡಕು 4ಎಲ್60-ಇ ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು. 1995ರಿಂದ ಅದರಲ್ಲಿ ಲಾಕ್-ಅಪ್ ಒತ್ತಡವನ್ನು ಪಿಡಬ್ಲ್ಯುಎಂ ಸೊಲೆನಾಯ್ಡ್ (ವಿದ್ಯುತ್ ಮಿಡಿತಗಳಿಂದ ತೆರೆದು ಮುಚ್ಚುವ ವಾಲ್ವ್) ಮೆಲ್ಲಮೆಲ್ಲನೆ ಏರಿಳಿಸುತ್ತದೆ. ಅನಂತರದ ಮಾದರಿಗಳಲ್ಲಿ ಕ್ಲಚ್ ಸ್ವಲ್ಪ ಜಾರುತ್ತಲೇ ಇರುವಂತೆ ನಿಯಂತ್ರಿಸುವ ಪದ್ಧತಿಯೂ ಬಂತು. ಅದರಿಂದ ಪ್ರಯಾಣ ನಯವಾಗುತ್ತದೆ. ಆ ಜಾರಿಕೆಯನ್ನು ತಾಳುವ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಕಾರ್ಖಾನೆಯ ಕ್ಲಚ್ಚಿನಲ್ಲಿರುತ್ತದೆ, ಹೊರಗಿನ ತಯಾರಕರ ಎಲ್ಲ ಕ್ಲಚ್ಚುಗಳಲ್ಲೂ ಇರುವುದಿಲ್ಲ. ಆದ್ದರಿಂದ ‘ನಿಮ್ಮ ಲೈನಿಂಗ್ ನಿಯಂತ್ರಿತ ಜಾರಿಕೆಯನ್ನು ತಾಳುತ್ತದೆಯೇ, ಅಥವಾ ಕಂಪ್ಯೂಟರಿನಲ್ಲಿ ಅದನ್ನು ತೆಗೆಸಿ ಪೂರ್ಣ ಲಾಕ್ ಮಾಡಿಸಬೇಕೇ’ ಎಂದು ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ. ಇದಕ್ಕೆ ನೇರ ಉತ್ತರ ಕೊಡದ ಮಾರಾಟಗಾರರಿಂದ ಕೊಳ್ಳಬೇಡಿ.

ಒಂದೇ ತಟ್ಟೆಯ ಕ್ಲಚ್ ಸಾಕೇ, ಎರಡು-ಮೂರು ತಟ್ಟೆಗಳದ್ದು ಬೇಕೇ ಎಂಬುದು ಟಾರ್ಕಿನ ಪ್ರಶ್ನೆ. ಕಾರ್ಖಾನೆಯ ಮಟ್ಟದ 5.3 ಎಂಜಿನ್ನಿಗೆ ಒಳ್ಳೆಯ ಲೈನಿಂಗಿನ ಒಂದೇ ತಟ್ಟೆ ಸಾಕಾಗುತ್ತದೆ. ಎಂಜಿನ್ನಿನ ಬಲ ಹೆಚ್ಚಿಸಿದ್ದು, ಲಾಕ್ ಆಗಿರುವಾಗಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಉದ್ದೇಶವಿದ್ದರೆ ಬಹುತಟ್ಟೆಗಳ ಕ್ಲಚ್ ಬೇಕು, ಅದರೊಂದಿಗೆ ಮುಂಭಾಗದ ಕವಚವೂ ಬಿಲೆಟ್ ಉಕ್ಕಿನದಾಗಿರಬೇಕು, ಎಂದರೆ ಗಟ್ಟಿ ಉಕ್ಕಿನ ತುಂಡಿನಿಂದ ಕಡೆದದ್ದಾಗಿರಬೇಕು. ಒತ್ತಿ ತಯಾರಿಸಿದ ತೆಳು ಕವಚ ಒತ್ತಡದಡಿ ಬಾಗಿದರೆ ಕ್ಲಚ್ ತಟ್ಟೆ ಅಂಚಿನಲ್ಲಷ್ಟೇ ತಾಗಿ ಬೇಗ ಸುಡುತ್ತದೆ. ಅಲಗುಗಳು ಕುಲುಮೆಯಲ್ಲಿ ಬ್ರೇಜ್ ಆಗಿರಬೇಕು (ಕರಗಿದ ಲೋಹದಿಂದ ಬೆಸೆದಿರಬೇಕು), ಒತ್ತಡ ಬೀಳುವ ಕಡೆ ವಾಷರುಗಳ ಬದಲು ಸೂಜಿ ಬೇರಿಂಗುಗಳಿರಬೇಕು, ಸ್ಟೇಟರನ್ನು ಒಂದೇ ದಿಕ್ಕಿಗೆ ತಿರುಗಗೊಡುವ ಸ್ಪ್ರ್ಯಾಗ್ ಹೊಸದಾಗಿರಬೇಕು. ಇವು ಯಾವುದೇ ಉತ್ತಮ ತಯಾರಕರಲ್ಲಿ ಇರಲೇಬೇಕಾದ ಸಂಗತಿಗಳು.

ಡೀಸೆಲ್ ಟ್ರಕ್ ಉಳ್ಳವರಿಗೆ ಒಂದು ಮಾತು: ಇಲ್ಲಿ ಹೇಳಿದ ಸ್ಟಾಲ್ ಸಂಖ್ಯೆಗಳು ನಿಮಗೆ ಅನ್ವಯಿಸುವುದಿಲ್ಲ. ಕಮಿನ್ಸ್ ಅಥವಾ ಡ್ಯುರಾಮ್ಯಾಕ್ಸ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಭಾರೀ ಟಾರ್ಕ್ ಕೊಡುವುದರಿಂದ, ಅಲ್ಲಿ ಪರ್ಫಾರ್ಮೆನ್ಸ್ ಕನ್ವರ್ಟರ್ ಎಂದರೆ ಬಹಳ ಸಲ ಕಾರ್ಖಾನೆಯದಕ್ಕಿಂತ ಬಿಗಿಯಾದ, ಮೂರು ತಟ್ಟೆಗಳ ಲಾಕ್-ಅಪ್ ಇರುವ ಕನ್ವರ್ಟರ್.

ಹೆಜ್ಜೆ 5: ಕೂಲರ್ ಮತ್ತು ಉಷ್ಣತಾಮಾಪಕವನ್ನು ಕನ್ವರ್ಟರಿನ ಜೊತೆಗೇ ಕೊಳ್ಳಿ

ಎಣ್ಣೆಯ ಉಷ್ಣತೆ 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 80ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಚಿಂತೆಯಿಲ್ಲ. ಅದರ ಮೇಲೆ ಪ್ರತಿ 20 ಡಿಗ್ರಿ ಫ್ಯಾರನ್‌ಹೀಟ್ ಏರಿಕೆಗೆ ಎಣ್ಣೆಯ ಆಯುಸ್ಸು ಅರ್ಧವಾಗುತ್ತದೆ ಎಂಬುದು ಗೇರ್‌ಬಾಕ್ಸ್ ಕೆಲಸದವರು ಬಹುಕಾಲದಿಂದ ಪಾಲಿಸುವ ಲೆಕ್ಕ. ಏರಿನಲ್ಲಿ ಸ್ವಲ್ಪ ಹೊತ್ತು 220 ಮುಟ್ಟುವುದನ್ನು ಸಹಿಸಬಹುದು. 250 ತೋರಿಸಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು. ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬೇಡಿ. ಪಾರ್ಕ್‌ನಲ್ಲಿಟ್ಟು ಎಂಜಿನ್ ತಿರುಗುತ್ತಿರಲಿ, ಎಣ್ಣೆ ಕೂಲರಿನ ಮೂಲಕ ಹರಿದು ತಣಿಯಲಿ.

ಪದರ ತಟ್ಟೆಗಳ ದೊಡ್ಡ ಕೂಲರೊಂದನ್ನು ರೇಡಿಯೇಟರಿನ ಮುಂದೆ ಕೂರಿಸಿ. ಎಣ್ಣೆ ಮೊದಲು ರೇಡಿಯೇಟರ್ ತೊಟ್ಟಿಗೆ, ಅಲ್ಲಿಂದ ಹೊಸ ಕೂಲರಿಗೆ, ಆ ಬಳಿಕ ಗೇರ್‌ಬಾಕ್ಸಿಗೆ ಮರಳುವಂತೆ ಕೊಳವೆಗಳಿರಲಿ. ಮಿನೆಸೋಟದಂಥ ಚಳಿನಾಡಿನವರು, ಎಣ್ಣೆ ಬೆಚ್ಚಗಾಗುವವರೆಗೆ ಅದನ್ನು ಕೂಲರಿಗೆ ಹೋಗಗೊಡದ ಥರ್ಮೋಸ್ಟಾಟ್ ಹಾಕಿಸುವುದು ಅಗತ್ಯ. ಹಳೆಯ ಕನ್ವರ್ಟರ್ ಸುಟ್ಟು ಹೋಗಿದ್ದರೆ ಹಳೆಯ ಕೂಲರನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಹೊಸದನ್ನೇ ಹಾಕಿಸಿ. ಒಳಗೆ ಸಿಕ್ಕಿಕೊಂಡ ಲೋಹದ ಪುಡಿ ಹೊಸ ಕನ್ವರ್ಟರಿನೊಳಕ್ಕೇ ಹೋಗುತ್ತದೆ.

ಹೆಜ್ಜೆ 6: ಜೋಡಣೆ ಮತ್ತು ಕಂಪ್ಯೂಟರ್ ಟ್ಯೂನಿಂಗ್

ಡಿಪ್‌ಸ್ಟಿಕ್ ತೆಗೆದು ಎಣ್ಣೆಯ ಬಣ್ಣ, ವಾಸನೆ ನೋಡಿ. ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಗೇರ್‌ಬಾಕ್ಸಿನ ದುರಸ್ತಿ ಮೊದಲು. ದಣಿದ ಗೇರ್‌ಬಾಕ್ಸಿಗೆ ಹೊಸ ಕನ್ವರ್ಟರ್ ಮದ್ದಲ್ಲ. ವರ್ಷ ಮತ್ತು ಮಾದರಿಗೆ ತಕ್ಕ ಕನ್ವರ್ಟರನ್ನೇ ತರಿಸಿದ್ದೀರೆಂದು ಖಚಿತಪಡಿಸಿಕೊಳ್ಳಿ. 4ಎಲ್60-ಇ ಗೇರ್‌ಬಾಕ್ಸುಗಳಲ್ಲೇ 298 ಮಿ.ಮೀ. ಮತ್ತು 300 ಮಿ.ಮೀ. ವ್ಯಾಸದ ಕನ್ವರ್ಟರ್ ಹಿಡಿಸುವ ಎರಡು ಬಗೆಗಳಿವೆ, ಅವುಗಳ ಇನ್‌ಪುಟ್ ಶಾಫ್ಟಿನ ಉದ್ದ ಬೇರೆ.

ಹೊಸ ಕನ್ವರ್ಟರಿಗೆ ಒಂದು ಕ್ವಾರ್ಟಿನಷ್ಟು ಎಣ್ಣೆ ಹೊಯ್ದು, ತಿರುಗಿಸುತ್ತ ಒಳಗೆ ತಳ್ಳಿದಾಗ ಅದು ಶಾಫ್ಟುಗಳ ಮೇಲೂ ಪಂಪಿನ ಮೇಲೂ ಒಂದೊಂದಾಗಿ ಕುಳಿತುಕೊಳ್ಳುವುದು ಕೈಗೆ ತಿಳಿಯುತ್ತದೆ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸಿದ ಮೇಲೆ, ಬೋಲ್ಟ್ ಹಾಕುವ ಮೊದಲು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು ಮತ್ತು ಫ್ಲೆಕ್ಸ್‌ಪ್ಲೇಟಿಗೂ (ಎಂಜಿನ್ನಿನ ತುದಿಯಲ್ಲಿ ಕನ್ವರ್ಟರನ್ನು ಬಿಗಿಯುವ ತಟ್ಟೆ) ಅದಕ್ಕೂ ನಡುವೆ ಇಂಚಿನ ಎಂಟನೆಯ ಒಂದು ಭಾಗದಿಂದ ಹದಿನಾರನೆಯ ಮೂರು ಭಾಗದಷ್ಟು ಸಂದು ಇರಬೇಕು. ಸಂದು ಇಲ್ಲದಿದ್ದರೆ ಅದು ಪಂಪಿನ ಮೇಲೆ ಕುಳಿತಿಲ್ಲ ಎಂದೇ ಅರ್ಥ. ಬೋಲ್ಟುಗಳಿಂದ ಎಳೆದು ಕೂರಿಸಲು ಹೋದರೆ ಪಂಪು ಒಡೆಯುತ್ತದೆ. ಕೆಲಸವನ್ನು ವರ್ಕ್‌ಶಾಪಿಗೆ ಕೊಟ್ಟರೂ ಈ ಸಂದನ್ನು ಅಳೆದದ್ದೆಷ್ಟು ಎಂದು ವಿಚಾರಿಸಿ. ಫ್ಲೆಕ್ಸ್‌ಪ್ಲೇಟಿನಲ್ಲಿ ಬಿರುಕು ಇದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐ ಲೈವ್ ತಂತ್ರಾಂಶ ಬಳಸಿ ಗಾಡಿಯ ಕಂಪ್ಯೂಟರನ್ನು ತಿದ್ದುವ ಟ್ಯೂನರ್ ಒಬ್ಬರಿಂದ ಲಾಕ್-ಅಪ್ ವೇಳಾಪಟ್ಟಿಯನ್ನು (ಕ್ಲಚ್ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು) ತಿದ್ದಿಸುವುದು ಐಚ್ಛಿಕವಲ್ಲ, ಕನ್ವರ್ಟರಿನ ಬೆಲೆಯೊಂದಿಗೇ ಸೇರಿಸಬೇಕಾದ ಖರ್ಚು. ಹೊರೆ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿ ಒತ್ತಿದಾಗ ಮೂರನೆಯ ಗೇರಿನಲ್ಲಿ ಬೇಗ ಲಾಕ್ ಆಗಬೇಕು, ಮಧ್ಯಮ ಒತ್ತಡಕ್ಕೆ ಲಾಕ್ ಬಿಡಬಾರದು, ಓವರ್‌ಡ್ರೈವಿಗೆ ಆತುರದಿಂದ ಏರಬಾರದು ಎಂದು ಸ್ಪಷ್ಟವಾಗಿ ಹೇಳಿ. ಲಾಕ್ ಎಷ್ಟು ಹೊರೆಯವರೆಗೆ ಹಿಡಿದಿರಬಹುದು ಎಂಬ ಮಿತಿಯನ್ನು ಮಾತ್ರ ಕ್ಲಚ್ ತಯಾರಕರೇ ಹೇಳಲಿ, ಟ್ಯೂನರಿನ ಊಹೆಗೆ ಬಿಡಬೇಡಿ.

ವಾರಂಟಿ ಇರುವ ಗಾಡಿಯವರಿಗೆ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ರಕ್ಷಣೆಯಿದೆ. ಹೊರಗಿನ ಭಾಗ ಹಾಕಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುವುದಿಲ್ಲ. ಆದರೆ ಕೆಟ್ಟದ್ದು ಗೇರ್‌ಬಾಕ್ಸಾಗಿದ್ದು, ಅದಕ್ಕೆ ಹೊಸ ಕನ್ವರ್ಟರೇ ಕಾರಣವೆಂದು ತೋರಿಸಿದರೆ ಕಂಪನಿ ದುರಸ್ತಿಯನ್ನು ನಿರಾಕರಿಸಬಹುದು.

ಹೆಜ್ಜೆ 7: ಟ್ರೇಲರ್ ಕಟ್ಟುವ ಮೊದಲಿನ ಪರೀಕ್ಷೆ

ಮೊದಲ ಕೆಲವು ನೂರು ಮೈಲಿಗಳನ್ನು ಖಾಲಿ ಗಾಡಿಯಲ್ಲಿ, ಸೌಮ್ಯವಾಗಿ ಓಡಿಸಿ. ಬ್ರೇಕ್ ಒತ್ತಿ ಹಿಡಿದು ಸ್ಟಾಲ್ ಅಳೆಯುವ ಹಳೆಯ ಪರೀಕ್ಷೆಯನ್ನು ಮಾಡಲೇಬೇಕೆಂದಿದ್ದರೆ ಐದು ಸೆಕೆಂಡು ಮೀರದಿರಲಿ, ಏಕೆಂದರೆ ಆ ಹೊತ್ತಿನಲ್ಲಿ ಎಂಜಿನ್ನಿನ ಪೂರ್ತಿ ಬಲ ಶಾಖವಾಗುತ್ತಿರುತ್ತದೆ. ಅದಕ್ಕಿಂತ, ಖಾಲಿ ರಸ್ತೆಯಲ್ಲಿ ನಿಂತಲ್ಲಿಂದ ಒಮ್ಮೆಲೇ ಪೂರ್ತಿ ಒತ್ತಿದಾಗ ಮುಳ್ಳು ಎಲ್ಲಿಗೆ ಹಾರಿ ಒಂದು ಕ್ಷಣ ತಡೆಯುತ್ತದೆ ಎಂದು ನೋಡುವುದು ಗಾಡಿಗೆ ಹಿತ.

ಮುಂದೆ ಹೆದ್ದಾರಿಯಲ್ಲಿ, ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನ್ ಉಪಕರಣ ಜೋಡಿಸಿ, ಕನ್ವರ್ಟರಿನ ಜಾರಿಕೆಯ ಆರ್‌ಪಿಎಂ ನೋಡಿ. ಪೂರ್ಣ ಲಾಕ್ ಆಗಿರುವಾಗ ಅದು ಸೊನ್ನೆಯ ಹತ್ತಿರ ನಿಲ್ಲಬೇಕು, ಸಣ್ಣ ಏರಿನಲ್ಲಿ ಒತ್ತಡ ಹೆಚ್ಚಿಸಿದಾಗಲೂ ಕದಲಬಾರದು. ಕದಲಿದರೆ, ಅಥವಾ ಪಿ0741, ಪಿ0894, ಹಳೆಯ ಗಾಡಿಗಳಲ್ಲಿ ಪಿ1870 ಎಂಬ ದೋಷಸಂಕೇತ ಬಂದರೆ, ಕ್ಲಚ್ಚಾಗಲಿ ಅದಕ್ಕೆ ಒತ್ತಡ ಕೊಡುವ ವಾಲ್ವಾಗಲಿ ಹಿಡಿಯುತ್ತಿಲ್ಲ. ಆ ದೋಷ ಪರಿಹಾರವಾಗುವವರೆಗೆ ಹಿಚ್ಚಿಗೆ ಏನನ್ನೂ ಕಟ್ಟಬೇಡಿ.

ಎಲ್ಲವೂ ಸರಿಯಿದ್ದರೆ ಟ್ರೇಲರನ್ನು ಅರ್ಧ ಹೊರೆಯೊಂದಿಗೆ, ಮನೆಗೆ ಹತ್ತಿರದ ಏರಿನಲ್ಲಿ ಮೊದಲು ಎಳೆದು ನೋಡಿ, ಬಳಿಕ ಪೂರ್ತಿ ಹೊರೆಯೊಂದಿಗೆ ಅದೇ ಏರನ್ನು ಹತ್ತಿ. ಎರಡೂ ಸಲ ಬುಡದಲ್ಲಿ, ತುದಿಯಲ್ಲಿ, ಇಳಿದ ಹತ್ತು ನಿಮಿಷದ ಮೇಲೆ ಉಷ್ಣತೆ ಎಷ್ಟಿತ್ತೆಂದು ಬರೆದುಕೊಳ್ಳಿ. ತುದಿಯಲ್ಲಿ 220 ದಾಟಿದ್ದರೆ ಮೊದಲು ಮೂರನೆಯ ಗೇರಿನ ಲಾಕ್ ಹಿಡಿದಿತ್ತೇ ಎಂದು ಪರೀಕ್ಷಿಸಿ. ಹಿಡಿದಿದ್ದೂ ಕಾದಿದ್ದರೆ ಕೂಲರ್ ಚಿಕ್ಕದು. ಹಿಡಿಯದೆ ಕಾದಿದ್ದರೆ ಟ್ಯೂನರ್ ಬಳಿಗೆ ಮರಳಿ ಹೋಗಿ, ಈ ಅಂಕಿಗಳನ್ನು ಕೊಟ್ಟು ವೇಳಾಪಟ್ಟಿಯನ್ನು ಮತ್ತೆ ತಿದ್ದಿಸಿ.